ನೈರ್ಮಲ್ಯದ ದೂರು: ಆರೋಗ್ಯ ನಿರೀಕ್ಷಕರು ಎದ್ದು ಬರುವಂತೆ ಬರೆಯುವುದು ಹೇಗೆ?

‘ನಮ್ಮ ಬಡಾವಣೆಯಲ್ಲಿ ಸ್ವಚ್ಛತೆ ಎಂಬುದೇ ಇಲ್ಲ. ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’

ಪುರಸಭೆಯ ಟಪಾಲು ವಿಭಾಗಕ್ಕೆ ಇಂಥ ಅರ್ಜಿ ಬಂದರೆ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ಮುಖ್ಯಾಧಿಕಾರಿ ಅಂಚಿನಲ್ಲಿ ‘ಆ.ನಿ., ಪರಿಶೀಲಿಸಿ’ ಎಂದು ಷರಾ ಬರೆಯುತ್ತಾರೆ. ಆರೋಗ್ಯ ನಿರೀಕ್ಷಕರ ಕಡತಕ್ಕೆ ಅದು ಸೇರುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಕಾಲಿಲ್ಲ. ಪರಿಶೀಲಿಸುವುದು ಏನನ್ನು, ಎಲ್ಲಿ, ಯಾರ ಮೇಲೆ ಎಂಬುದೊಂದೂ ಅದರಲ್ಲಿ ಇರುವುದಿಲ್ಲ. ಬರೆದವರ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟನ್ನು ಕಡತದಲ್ಲಿ ನಮೂದಿಸಲು ಕಾಲಂ ಇಲ್ಲ. ಸ್ಥಳ, ಸಮಯ, ಹೊಣೆಗಾರ, ಈ ಮೂರು ಇದ್ದರೆ ನಿರೀಕ್ಷಕರು ಎದ್ದು ಬರಲೇಬೇಕಾಗುತ್ತದೆ.

ಪಟ್ಟಣ ಪಂಚಾಯಿತಿ, ಪುರಸಭೆ ಮತ್ತು ನಗರಸಭೆ ಇರುವ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಈ ಮೂರೂ ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಅಡಿಯಲ್ಲಿ. ಮೊದಲೆರಡಕ್ಕೆ ಮುಖ್ಯಾಧಿಕಾರಿ, ನಗರಸಭೆಗೆ ಪೌರಾಯುಕ್ತರು ಆಡಳಿತದ ಮುಖ್ಯಸ್ಥರು. ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆ ಇದೆ, ಹುದ್ದೆಗಳ ಹೆಸರೂ ಬೇರೆ. ದೂರು ಕೊಡುವ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲ ಹೆಜ್ಜೆ: ಕೆಲಸ ಯಾರದು?

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ನಮ್ಮ ಊರುಗಳಲ್ಲಿ ಜನ ‘ಹೆಲ್ತ್ ಇನ್‌ಸ್ಪೆಕ್ಟರ್’ ಎಂದು ಕರೆಯುವವರು ಒಬ್ಬರಲ್ಲ, ಇಬ್ಬರು.

ಒಬ್ಬರು ಪುರಸಭೆಯ ಆರೋಗ್ಯ ನಿರೀಕ್ಷಕರು. ಹಿರಿಯ, ಕಿರಿಯ ಎಂಬ ಎರಡು ದರ್ಜೆಗಳಿವೆ. ಕಸ ಸಾಗಣೆ, ಚರಂಡಿ ಸ್ವಚ್ಛತೆ, ಪೌರಕಾರ್ಮಿಕರ ಹಾಜರಿ, ಸಾರ್ವಜನಿಕ ಶೌಚಾಲಯ, ಅಂಗಡಿ ಮುಂಗಟ್ಟುಗಳ ಉದ್ದಿಮೆ ಪರವಾನಗಿ ತಪಾಸಣೆ, ನಿಷೇಧಿತ ಪ್ಲಾಸ್ಟಿಕ್ ಮೇಲಿನ ದಾಳಿ, ಸತ್ತ ನಾಯಿಯ ವಿಲೇವಾರಿ, ಎಲ್ಲವೂ ಇವರ ತಲೆಯ ಮೇಲೆ. ಇನ್ನೊಬ್ಬರು ಆರೋಗ್ಯ ಇಲಾಖೆಯ ಆರೋಗ್ಯ ನಿರೀಕ್ಷಣಾಧಿಕಾರಿ. ಇವರ ಮೇಲಿನವರು ತಾಲ್ಲೂಕು ಆರೋಗ್ಯಾಧಿಕಾರಿ. ಜ್ವರ ಸಮೀಕ್ಷೆ, ರಕ್ತದ ಮಾದರಿ, ಸೊಳ್ಳೆ ಲಾರ್ವಾ ಸಮೀಕ್ಷೆ, ಕುಡಿಯುವ ನೀರಿನ ಪರೀಕ್ಷೆ ಇವರ ಕೆಲಸ. ಚರಂಡಿಯ ದೂರು ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋದರೆ ‘ಪುರಸಭೆಗೆ ಹೋಗಿ’ ಎನ್ನುತ್ತಾರೆ. ಬೀದಿಯಲ್ಲಿ ನಾಲ್ಕು ಮನೆಗೆ ಜ್ವರ ಎಂದು ಪುರಸಭೆಗೆ ಹೋದರೆ ‘ಆಸ್ಪತ್ರೆಗೆ ತಿಳಿಸಿ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಹೋಟೆಲಿನ ಅಡುಗೆ, ಬಣ್ಣ ಹಾಕಿದ ತಿಂಡಿ, ಕಲಬೆರಕೆಯ ವಿಚಾರಕ್ಕೆ ಮೂರನೆಯವರಿದ್ದಾರೆ, ಆಹಾರ ಸುರಕ್ಷತಾಧಿಕಾರಿ. ಕುಡಿಯುವ ನೀರಿನ ಕೊಳವೆ ಒಡೆದರೆ, ಒಳಚರಂಡಿ ಕಟ್ಟಿಕೊಂಡರೆ ಅದು ಆರೋಗ್ಯ ಶಾಖೆಗೆ ಸೇರಿದ್ದಲ್ಲ, ತಾಂತ್ರಿಕ ಶಾಖೆಯ ಅಭಿಯಂತರರಿಗೆ ಸೇರಿದ್ದು. ಒಂದೇ ತೆರೆದ ಚರಂಡಿಯಲ್ಲೂ ಪಾಲು ಹಂಚಿಕೆಯಾಗಿದೆ: ಹೂಳು ತೆಗೆಯುವುದು ಆರೋಗ್ಯ ಶಾಖೆ, ಕುಸಿದ ಗೋಡೆಯನ್ನೂ ಮುರಿದ ಸ್ಲ್ಯಾಬನ್ನೂ ಸರಿಪಡಿಸುವುದು ತಾಂತ್ರಿಕ ಶಾಖೆ. ಕಸ ವಿಲೇವಾರಿ ಘಟಕದ ಹೊಣೆ ಪರಿಸರ ಅಭಿಯಂತರರದು. ಹೆದ್ದಾರಿ ಬದಿಯ ಚರಂಡಿ ಹಲವು ಕಡೆ ಪುರಸಭೆಯದೇ ಅಲ್ಲ.

ಊರ ಹೊರಗಿನ ಹೊಸ ಬಡಾವಣೆಗಳದು ಬೇರೆಯೇ ಕತೆ. ಬಡಾವಣೆ ಮಾಡಿದವರು ಅದನ್ನು ಪುರಸಭೆಗೆ ಹಸ್ತಾಂತರ ಮಾಡದೆ ಹೋಗಿರುತ್ತಾರೆ. ಕಸದ ಗಾಡಿ ಆ ತಿರುವಿನವರೆಗೆ ಬಂದು ಹಿಂತಿರುಗುತ್ತದೆ. ಕೇಳಿದರೆ ‘ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರ ಸಿಗುತ್ತದೆ. ಅಂಥ ಕಡೆ ಇರುವವರು ಮೊದಲು ತಮ್ಮ ತೆರಿಗೆ ರಸೀದಿಯನ್ನು ತೆಗೆದು ನೋಡಬೇಕು. ಆಸ್ತಿ ತೆರಿಗೆಯ ಜೊತೆಗೆ ಘನತ್ಯಾಜ್ಯ ಶುಲ್ಕವನ್ನೂ ಪುರಸಭೆ ವಸೂಲು ಮಾಡಿದ್ದರೆ ಆ ರಸೀದಿಯ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಶುಲ್ಕಕ್ಕೆ ವ್ಯಾಪ್ತಿ ಇದ್ದರೆ ಕಸಕ್ಕೂ ಇರಲೇಬೇಕು. ರಸೀದಿ ಗ್ರಾಮ ಪಂಚಾಯಿತಿಯದಾಗಿದ್ದರೆ ನೀವು ಕಾಣಬೇಕಾದವರು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ.

ಎರಡನೆಯ ಹೆಜ್ಜೆ: ಬೆಳಿಗ್ಗೆ ಆರಕ್ಕೆ ಬೀದಿಯಲ್ಲಿರಿ

ಹನ್ನೊಂದು ಗಂಟೆಗೆ ಕಚೇರಿಗೆ ಹೋದರೆ ನಿರೀಕ್ಷಕರ ಖಾಲಿ ಕುರ್ಚಿ ಸಿಗುತ್ತದೆ. ಅವರ ದಿನ ಶುರುವಾಗುವುದು ಬೆಳಕು ಹರಿಯುವ ಹೊತ್ತಿಗೆ, ಹಾಜರಿ ಹಾಕುವ ಜಾಗದಲ್ಲಿ. ಪ್ರತಿ ವಾರ್ಡಿಗೂ ಅಥವಾ ಎರಡು ಮೂರು ವಾರ್ಡಿಗೊಂದು ಅಂಥ ಜಾಗ ಇರುತ್ತದೆ. ಪೌರಕಾರ್ಮಿಕರು ಬಂದು ಬೆರಳಚ್ಚು ಕೊಡುತ್ತಾರೆ ಅಥವಾ ಮೊಬೈಲಿನಲ್ಲಿ ಮುಖ ತೋರಿಸುತ್ತಾರೆ. ಅವರ ಮೇಸ್ತ್ರಿಗಳಾದ ದಫೇದಾರರು ಯಾರಿಗೆ ಯಾವ ಬೀದಿ ಎಂದು ಹಂಚುತ್ತಾರೆ. ಆಟೊ ಟಿಪ್ಪರ್‌ಗಳು ಹೊರಡುತ್ತವೆ. ಆ ಅರ್ಧ ಗಂಟೆಯಲ್ಲಿ ನಿರೀಕ್ಷಕರೊಡನೆ ಆಡಿದ ಎರಡು ಮಾತಿಗೆ ಕಚೇರಿಯ ಇಡೀ ದಿನದ ಕಾಯುವಿಕೆಗಿಂತ ಹೆಚ್ಚಿನ ಬೆಲೆ ಇದೆ.

ಅಲ್ಲಿ ಕೇಳಬೇಕಾದದ್ದು ಇಷ್ಟು: ನಮ್ಮ ಬೀದಿಗೆ ಗುಡಿಸಲು ಯಾರು ಬರುತ್ತಾರೆ, ಯಾವ ದಿನ? ಟಿಪ್ಪರ್ ಎಷ್ಟು ಹೊತ್ತಿಗೆ ಬರಬೇಕು? ಚರಂಡಿ ಸ್ವಚ್ಛತೆಯ ತಂಡದ ಸರದಿ ಎಷ್ಟು ದಿನಕ್ಕೊಮ್ಮೆ? ವಾರ್ಡಿಗೆ ಎಷ್ಟು ಜನ ಪೌರಕಾರ್ಮಿಕರಿದ್ದಾರೆ? ರಾಜ್ಯದಲ್ಲಿ ಸುಮಾರು 700 ಜನಸಂಖ್ಯೆಗೆ ಒಬ್ಬರು ಎಂಬ ಮಾನದಂಡವಿದೆ. ನಿಮ್ಮ ವಾರ್ಡಿನಲ್ಲಿ ಮೂರು ಸಾವಿರ ಜನರಿಗೆ ಇಬ್ಬರು ಹೆಂಗಸರು ಮಾತ್ರ ಪೊರಕೆ ಹಿಡಿದಿದ್ದರೆ ನಿಮ್ಮ ದೂರು ‘ಗುಡಿಸುತ್ತಿಲ್ಲ’ ಎಂದಾಗಬಾರದು, ‘ಜನ ಸಾಲುತ್ತಿಲ್ಲ’ ಎಂದಾಗಬೇಕು. ಅದು ಮುಖ್ಯಾಧಿಕಾರಿಗೂ ನಿಮ್ಮ ವಾರ್ಡ್ ಸದಸ್ಯರಿಗೂ ಹೋಗಬೇಕಾದ ದೂರು.

ಬೀದಿಗೆ ಬಂದ ಪೌರಕಾರ್ಮಿಕರ ಮೇಲೆ ಕೂಗಾಡುವವರನ್ನು ದಿನವೂ ನೋಡುತ್ತೇವೆ. ಗಾಡಿ ಯಾಕೆ ತಡ, ಚರಂಡಿ ಯಾಕೆ ಬಿಟ್ಟಿದ್ದೀರಿ ಎಂದು ಅವರನ್ನು ಕೇಳಿ ಫಲವಿಲ್ಲ. ದಾರಿ ಹಾಕಿಕೊಡುವವರು ಅವರಲ್ಲ. ಕುಡಿಯಲು ಒಂದು ಲೋಟ ನೀರು ಕೊಟ್ಟು ಕೇಳಿ ನೋಡಿ, ಯಾವ ಮನೆಯವರು ರಾತ್ರಿ ಕಸ ತಂದು ಮೂಲೆಗೆ ಸುರಿಯುತ್ತಾರೆ ಎಂಬುದರಿಂದ ಹಿಡಿದು ಟಿಪ್ಪರ್ ಎಷ್ಟು ದಿನದಿಂದ ಗ್ಯಾರೇಜಿನಲ್ಲಿದೆ ಎಂಬುದರವರೆಗೆ ಎಲ್ಲವೂ ಅವರಿಗೆ ಗೊತ್ತಿರುತ್ತದೆ.

ಮೂರನೆಯ ಹೆಜ್ಜೆ: ನಿಮ್ಮ ಮನೆಯ ತಪಾಸಣೆ

ದೂರು ಕೊಟ್ಟವರ ಮನೆಯ ಕಡೆಗೇ ನಿರೀಕ್ಷಕರ ಕಣ್ಣು ಮೊದಲು ಹೋಗುತ್ತದೆ. ಅದು ಸಹಜ. ಹಾಗಾಗಿ ಅರ್ಜಿಗೆ ಮುಂಚೆ ಮನೆ ಸರಿ ಇರಲಿ. ಹಸಿ ಕಸ, ಒಣ ಕಸ, ಡೈಪರ್ ಮತ್ತು ಸ್ಯಾನಿಟರಿ ಪ್ಯಾಡ್, ಬ್ಯಾಟರಿ ಮತ್ತು ಹಳೆಯ ಔಷಧ, ಇವು ಬೇರೆ ಬೇರೆ ಇರಬೇಕು. ಮನೆಯಲ್ಲೇ ವಿಂಗಡಿಸಬೇಕೆಂಬುದು ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಇದೆ. ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ, ಗುರುತು ತಿಳಿಯುವಂತೆ ಕೊಡಿ. ಅವುಗಳನ್ನು ಬರಿಗೈಯಲ್ಲಿ ಬೇರ್ಪಡಿಸುವುದು ಇನ್ನೊಬ್ಬ ಹೆಣ್ಣುಮಗಳು ಎಂಬುದು ನೆನಪಿರಲಿ. ಬಚ್ಚಲು ನೀರು ರಸ್ತೆಗೆ ಹರಿಯುತ್ತಿದ್ದರೆ, ಮನೆ ಕಟ್ಟಿದಾಗ ಉಳಿದ ಮರಳು ಚರಂಡಿಯ ಮೇಲಿದ್ದರೆ, ಚರಂಡಿಯ ಮೇಲೆ ಎತ್ತಲಾಗದ ಕಾಂಕ್ರೀಟ್ ಹಾಸಿ ಬೈಕ್ ನಿಲ್ಲಿಸುತ್ತಿದ್ದರೆ ಅದನ್ನೂ ಸರಿಪಡಿಸಿ. ಕೊನೆಯದು ಬಹಳ ಕಡೆ ಇದೆ. ಮೂವತ್ತು ಅಡಿ ಸೈಟಿನವರು ಮೂವತ್ತು ಅಡಿ ಚರಂಡಿಯನ್ನೂ ಮುಚ್ಚಿಬಿಟ್ಟರೆ ಹೂಳು ತೆಗೆಯಲು ಸನಿಕೆ ಇಳಿಸುವುದಕ್ಕೂ ಸಂದು ಉಳಿಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಬೀದಿಯನ್ನು ನಿರೀಕ್ಷಕರ ಕಣ್ಣಿನಿಂದ ನೋಡಿ

*ಕಸದ ಗುಡ್ಡೆ.* ಎಲ್ಲ ಊರುಗಳಲ್ಲೂ ಕೆಲವು ಖಾಯಂ ಮೂಲೆಗಳಿವೆ, ಕಚೇರಿಯವರು ‘ಬ್ಲ್ಯಾಕ್‌ಸ್ಪಾಟ್’ ಎನ್ನುತ್ತಾರೆ. ಎತ್ತಿದ ಮರುದಿನ ಮತ್ತೆ ಅಲ್ಲೇ ಬೀಳುತ್ತದೆ. ಗುಡ್ಡೆಯಲ್ಲಿ ಏನಿದೆ ಎಂದು ನೋಡಿ ಬರೆದುಕೊಳ್ಳಿ. ಕೋಳಿ ಪುಕ್ಕ, ಕ್ಷೌರದಂಗಡಿಯ ಕೂದಲು, ಬಾಳೆ ಎಲೆ ಮತ್ತು ಊಟದ ತಟ್ಟೆ, ಎಳನೀರು ಬುರುಡೆ, ಕಟ್ಟಡದ ಅವಶೇಷ, ಒಂದೊಂದರ ಹಿಂದೆಯೂ ಒಂದೊಂದು ಉದ್ದಿಮೆ ಇದೆ, ಅದಕ್ಕೆ ಪುರಸಭೆಯ ಪರವಾನಗಿ ಇದೆ ಅಥವಾ ಇರಬೇಕಿತ್ತು. ‘ಸಾರ್ವಜನಿಕರು ಕಸ ಹಾಕುತ್ತಾರೆ’ ಎಂದರೆ ನೋಟಿಸು ಯಾರಿಗೆ ಕೊಡುವುದು? ‘ಕೋಳಿ ಅಂಗಡಿಯ ತ್ಯಾಜ್ಯ ರಾತ್ರಿ ಒಂಬತ್ತರ ನಂತರ ಬೀಳುತ್ತಿದೆ’ ಎಂದರೆ ನಿರೀಕ್ಷಕರ ಕೈಗೆ ಹಿಡಿ ಸಿಕ್ಕಿತು. ಖಾಲಿ ನಿವೇಶನವಾಗಿದ್ದರೆ ಮಾಲೀಕರಿಗೆ ನೋಟಿಸು ಕೊಟ್ಟು, ಆಗದಿದ್ದರೆ ಪುರಸಭೆಯೇ ಸ್ವಚ್ಛ ಮಾಡಿಸಿ ಖರ್ಚನ್ನು ಅವರಿಂದ ವಸೂಲು ಮಾಡಬಹುದು. ಅಕ್ಕಪಕ್ಕದ ಮನೆಯ ಖಾತೆ ಸಂಖ್ಯೆ ಕೊಟ್ಟರೆ ಕಂದಾಯ ಶಾಖೆಯಲ್ಲಿ ಮಾಲೀಕರ ವಿಳಾಸ ಹುಡುಕುವುದು ಸುಲಭ.

*ಚರಂಡಿ.* ನೀರು ಹರಿಯುತ್ತಿದೆಯೇ ಎಂದು ತಿಳಿಯಲು ಒಂದು ಎಲೆಯನ್ನು ಹಾಕಿ ನೋಡಿದರೆ ಸಾಕು. ಎಲೆ ನಿಂತ ಜಾಗದಿಂದ ಕೆಳಕ್ಕೆ ನಡೆಯುತ್ತಾ ಹೋಗಿ, ಅಡ್ಡಿ ಸಿಗುತ್ತದೆ: ಕಿರಿದಾದ ಮೋರಿ, ಅಡ್ಡ ಹಾಯ್ದ ನೀರಿನ ಪೈಪಿಗೆ ಸಿಕ್ಕಿದ ಪ್ಲಾಸ್ಟಿಕ್, ಯಾರದೋ ಮೆಟ್ಟಿಲು. ಆ ಅಡ್ಡಿಯ ಫೋಟೊ ತೆಗೆಯಿರಿ. ತುಂಬಿದ ಚರಂಡಿಯ ಹತ್ತು ಫೋಟೊಗಿಂತ ಅದೊಂದು ಹೆಚ್ಚು ಕೆಲಸ ಮಾಡುತ್ತದೆ. ತೆಗೆದ ಹೂಳನ್ನು ದಂಡೆಯ ಮೇಲೆಯೇ ಬಿಟ್ಟು ಹೋಗಿದ್ದರೆ ಅದನ್ನೂ ಬರೆಯಿರಿ, ಮೊದಲ ಮಳೆಗೆ ಅದು ಮರಳಿ ಒಳಗೇ ಸೇರುತ್ತದೆ. ಹೂಳಿನ ಮೇಲೆ ಬ್ಲೀಚಿಂಗ್ ಪುಡಿಯ ಬಿಳಿ ಗೆರೆ ಎಳೆದು ಹೋಗುವ ಪದ್ಧತಿ ಇದೆ, ಮಂತ್ರಿಗಳು ಬರುವ ದಿನ ವಿಶೇಷವಾಗಿ. ಆ ಪುಡಿಯ ಕ್ಲೋರಿನ್ ಅಲ್ಲಿನ ಕೊಳೆಗೇ ಖರ್ಚಾಗಿಬಿಡುತ್ತದೆ. ಹೂಳು ಹೂಳಾಗಿಯೇ ಉಳಿಯುತ್ತದೆ. ಅದನ್ನು ‘ಕ್ರಮ’ ಎಂದು ಒಪ್ಪಿಕೊಳ್ಳಬೇಡಿ.

*ಕುಡಿಯುವ ನೀರು.* ಪಟ್ಟಣದ ನೈರ್ಮಲ್ಯದಲ್ಲಿ ನಿಜವಾಗಿ ಪ್ರಾಣ ತೆಗೆಯುವುದು ಇದು. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತರು, ಆಸ್ಪತ್ರೆ ಸೇರಿದವರು ಇನ್ನೂ ಎಷ್ಟೋ ಮಂದಿ. ನೀರು ಕೆಡುವ ಬಗೆ ಸರಳ. ಮನೆಗೆ ಬರುವ ಪೈಪು ಚರಂಡಿಯೊಳಗಿಂದಲೇ ಹಾದುಬರುತ್ತದೆ. ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಉಳಿದ ಹೊತ್ತು ಪೈಪು ಖಾಲಿ. ಖಾಲಿ ಪೈಪಿನ ಜಾಯಿಂಟು ಸಡಿಲವಾಗಿದ್ದರೆ ಸುತ್ತಲಿನ ಚರಂಡಿ ನೀರು ಒಳಗೆ ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ನಲ್ಲಿಗೆ ಬರುವುದು ಅದೇ. ಆದ್ದರಿಂದ ಮೊದಲ ಕೆಲವು ನಿಮಿಷದ ನೀರನ್ನು ಕುಡಿಯಲು ಹಿಡಿಯಬಾರದು. ಮೋಟಾರನ್ನು ನೇರವಾಗಿ ನಲ್ಲಿಗೆ ಹಚ್ಚಿ ಎಳೆಯುವವರು ಈ ಅಪಾಯವನ್ನು ಇಡೀ ಬೀದಿಗೆ ಹೆಚ್ಚಿಸುತ್ತಾರೆ.

ಪರೀಕ್ಷೆ ಎರಡು ಬಗೆಯದು. ಕ್ಲೋರಿನ್ ಇದೆಯೇ ಎಂದು ನೋಡುವ ಚಿಕ್ಕ ಕಿಟ್ ಆರೋಗ್ಯ ಸಿಬ್ಬಂದಿಯ ಬಳಿ ಇರುತ್ತದೆ. ಗೆರೆಯವರೆಗೆ ನೀರು ತುಂಬಿ ಔಷಧದ ಹನಿ ಹಾಕಿದರೆ ಹಳದಿ ಬಣ್ಣ ಬರುತ್ತದೆ, ಅದನ್ನು ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸುತ್ತಾರೆ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಟ್ಯಾಂಕಿನ ಹತ್ತಿರದ ನಲ್ಲಿಯಲ್ಲಿ ಪರೀಕ್ಷಿಸಿ ‘ಸರಿ ಇದೆ’ ಎನ್ನುವುದು ಸುಲಭ. ಬೀದಿಯ ಕೊನೆಯ ಮನೆಯಲ್ಲಿ ಪರೀಕ್ಷಿಸಲು ಕೇಳಿ. ಬಣ್ಣವೇ ಬರದಿದ್ದರೆ ಒಂದೋ ಕ್ಲೋರಿನ್ ಹಾಕಿಲ್ಲ, ಇಲ್ಲವೇ ನಡುವೆ ಎಲ್ಲೋ ಕೊಳೆ ಸೇರಿ ಅದನ್ನು ತಿಂದುಹಾಕಿದೆ. ಎರಡನೆಯದು ರೋಗಾಣುವಿನ ಪರೀಕ್ಷೆ. ಎಚ್‌2ಎಸ್ ಎಂಬ ಪರೀಕ್ಷಾ ಸೀಸೆಯಲ್ಲಿ ನೀರು ತುಂಬಿ ಇಟ್ಟಾಗ ಒಂದೆರಡು ದಿನದೊಳಗೆ ಅದು ಕಪ್ಪಾದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಈ ಪರೀಕ್ಷೆ ಮಾಡಿದ ನೀರನ್ನು ಚೆಲ್ಲಿಬಿಡಬೇಕು. ಟ್ಯಾಂಕ್ ತೊಳೆದ ದಿನಾಂಕವನ್ನು ಅದರ ಗೋಡೆಯ ಮೇಲೆ ಬರೆದಿರುತ್ತಾರೆ, ಆ ಬರಹದ ಫೋಟೊ ಕೂಡ ಸಾಕ್ಷ್ಯವೇ. ಬರೆಯದಿದ್ದರೆ ಬರೆಯದ ಗೋಡೆಯ ಫೋಟೊ.

*ಸೊಳ್ಳೆ.* ಡೆಂಗಿ ಬಂದ ಕೂಡಲೇ ಜನ ಚರಂಡಿಯ ಕಡೆ ಕೈ ತೋರಿಸಿ ‘ಫಾಗಿಂಗ್ ಮಾಡಿಸಿ’ ಎನ್ನುತ್ತಾರೆ. ಎರಡೂ ಗುರಿ ತಪ್ಪಿದ ಮಾತು. ಕೊಳಚೆಯಲ್ಲಿ ಹುಟ್ಟುವುದು ಬಹುಮಟ್ಟಿಗೆ ಬೇರೆ ಜಾತಿಯ ಸೊಳ್ಳೆ. ಡೆಂಗಿ ಹರಡುವ ಈಡಿಸ್ ನಿಂತ ತಿಳಿನೀರನ್ನು ಹುಡುಕುತ್ತದೆ, ಹಗಲಲ್ಲಿ ಕಚ್ಚುತ್ತದೆ. ಫಾಗಿಂಗ್ ಹೊಗೆಗೆ ಆ ಹೊತ್ತಿನಲ್ಲಿ ಹಾರುತ್ತಿರುವ ಸೊಳ್ಳೆ ಸಾಯಬಹುದು, ತೊಟ್ಟಿಯೊಳಗಿನ ಮರಿಗೆ ಏನೂ ಆಗುವುದಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಂದು ದಿನ ಎಲ್ಲ ಪಾತ್ರೆ ಬರಿದು ಮಾಡಿ ಎನ್ನುವುದು ಈ ಲೆಕ್ಕದ ಮೇಲೆ.

ಟಾರ್ಚ್ ಹಿಡಿದು ಮನೆಯ ಸುತ್ತ ಒಂದು ಸುತ್ತು ಹಾಕಿ. ಸಿಮೆಂಟ್ ತೊಟ್ಟಿ, ಮುಚ್ಚಳ ಮುರಿದ ಸಿಂಟೆಕ್ಸ್, ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ತಳದ ಬಟ್ಟಲು, ಹಿತ್ತಿಲಿನ ಒರಳುಕಲ್ಲು, ಪಂಕ್ಚರ್ ಅಂಗಡಿಯ ಟೈರು, ತೆಂಗಿನ ಚಿಪ್ಪು, ಮಲೆನಾಡಿನ ಕಡೆಯಾದರೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ನೀರಿನ ಮೇಲೆ ಬೆಳಕು ಬಿದ್ದ ಕ್ಷಣ, ಮೇಲ್ಮೈಗೆ ಓರೆಯಾಗಿ ತೂಗುಬಿದ್ದಿದ್ದ ಕೂದಲೆಳೆಯಂಥ ಹುಳುಗಳು ಕೊಂಕುತ್ತಾ ತಳಕ್ಕೆ ಇಳಿಯುತ್ತವೆ. ಅವೇ ಲಾರ್ವಾ. ನೀರು ಚೆಲ್ಲಿದರಷ್ಟೇ ಸಾಲದು. ಈಡಿಸ್ ಮೊಟ್ಟೆ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ ಸ್ಥಿತಿಯಲ್ಲೂ ಬದುಕುತ್ತದೆ. ನಾರಿನಿಂದ ಉಜ್ಜಿ ತೊಳೆಯಬೇಕು. ಬರಿದು ಮಾಡಲಾಗದ ದೊಡ್ಡ ತೊಟ್ಟಿಗೆ ಆರೋಗ್ಯ ಸಿಬ್ಬಂದಿ ಲಾರ್ವಾ ಕೊಲ್ಲುವ ಟೆಮಿಫಾಸ್ ದ್ರಾವಣ ಹಾಕುತ್ತಾರೆ, ಬಾವಿ ಕೆರೆಗೆ ಲಾರ್ವಾ ತಿನ್ನುವ ಗ್ಯಾಂಬೂಸಿಯಾ ಅಥವಾ ಗಪ್ಪಿ ಮೀನು ಬಿಡುತ್ತಾರೆ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ ಸೊಳ್ಳೆ ಉತ್ಪತ್ತಿಗೆ ದಂಡ ಗೊತ್ತುಪಡಿಸಿತು. ನಗರ ಪ್ರದೇಶದಲ್ಲಿ ಮನೆಗೆ 400 ರೂಪಾಯಿ, ವಾಣಿಜ್ಯ ಸಂಸ್ಥೆಗೆ 1,000, ಕಟ್ಟಡ ಕಾಮಗಾರಿ ಮತ್ತು ಖಾಲಿ ನಿವೇಶನಕ್ಕೆ 2,000. ಕಟ್ಟಡ ಕಾಮಗಾರಿಯ ವಿಷಯದಲ್ಲಿ ಇದು ಒಳ್ಳೆಯ ಅಸ್ತ್ರ, ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು ಮತ್ತು ಲಿಫ್ಟ್ ಗುಂಡಿಗಳನ್ನು ಅರ್ಜಿಯಲ್ಲಿ ಹೆಸರಿಸಿ. ಆದರೆ ಎಂಟು ದಿನಕ್ಕೊಮ್ಮೆ ನೀರು ಬಿಟ್ಟು, ನೀರು ಶೇಖರಿಸಿಟ್ಟ ಗೃಹಿಣಿಗೆ ದಂಡ ಹಾಕುವುದು ನನ್ನ ಮಟ್ಟಿಗೆ ನ್ಯಾಯವಲ್ಲ. ಅಂಥ ಬೀದಿಯವರು ಲಾರ್ವಾ ದೂರಿನ ಜೊತೆಗೆ ನೀರು ಬಿಡುವ ದಿನಗಳ ಪಟ್ಟಿಯನ್ನೂ ಲಗತ್ತಿಸಲಿ. ಅಲ್ಲಿಯವರೆಗೆ ಡ್ರಮ್ಮಿನ ಬಾಯಿಗೆ ಹಳೆಯ ಪಂಚೆ ಕಟ್ಟುವುದೇ ಉಪಾಯ.

*ಹೋಟೆಲು, ತಳ್ಳುಗಾಡಿ.* ಎರಡು ಕಾಗದ ಕೇಳಬಹುದು: ಪುರಸಭೆಯ ಉದ್ದಿಮೆ ಪರವಾನಗಿ, ಮತ್ತು 2006ರ ಆಹಾರ ಸುರಕ್ಷತೆ ಕಾಯ್ದೆಯಂತೆ ಪಡೆದ ನೋಂದಣಿ ಅಥವಾ ಪರವಾನಗಿ. ಎರಡನೆಯದರಲ್ಲಿ 14 ಅಂಕಿಯ ಸಂಖ್ಯೆ ಇರುತ್ತದೆ. ಗೋಬಿ ಮಂಚೂರಿ ಕೆಂಡದಂತೆ ಕೆಂಪಗಿದ್ದರೆ ಅನುಮಾನಿಸಿ. 2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಅದರಲ್ಲಿ ಕೃತಕ ಬಣ್ಣ ಬಳಸುವುದನ್ನೂ ಬಣ್ಣದ ಕಾಟನ್ ಕ್ಯಾಂಡಿಯನ್ನೂ ನಿಷೇಧಿಸಿತು. ಮಾದರಿಗಳಲ್ಲಿ ಸಿಕ್ಕ ಬಣ್ಣಗಳಲ್ಲಿ ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣವೂ ಇತ್ತು. ಹೆಚ್ಚಿನವರಿಗೆ ಗೊತ್ತಿಲ್ಲದ ಹಕ್ಕೊಂದು ಈ ಕಾಯ್ದೆಯ 40ನೇ ಕಲಮಿನಲ್ಲಿದೆ: ಕೊಂಡ ಗ್ರಾಹಕರೇ ಶುಲ್ಕ ಕಟ್ಟಿ ಆಹಾರವನ್ನು ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಕೊಳ್ಳುವಾಗಲೇ ಮಾರಾಟಗಾರರಿಗೆ ಅದನ್ನು ತಿಳಿಸಬೇಕು ಎಂಬುದಷ್ಟೇ ಷರತ್ತು. ತಳ್ಳುಗಾಡಿಯ ಬಡ ವ್ಯಾಪಾರಿಯ ಮೇಲೆ ಮಾತ್ರ ಇದನ್ನೆಲ್ಲ ಪ್ರಯೋಗಿಸಿ, ಹವಾನಿಯಂತ್ರಿತ ಹೋಟೆಲಿನ ಹಿತ್ತಿಲ ಅಡುಗೆಮನೆಯನ್ನು ಬಿಟ್ಟುಬಿಡುವುದು ಬೇಡ.

*ಶೌಚಗುಂಡಿ.* ಗುಂಡಿ ತುಂಬಿದೆ, ಯಾರನ್ನಾದರೂ ಕರೆಸಿ ರಾತ್ರಿ ಇಳಿಸಿ ತೆಗೆಸಿಬಿಡೋಣ ಎಂಬ ಯೋಚನೆ ನಿಮಗಾಗಲಿ ನೆರೆಯವರಿಗಾಗಲಿ ಬಂದರೆ ಅಲ್ಲೇ ನಿಲ್ಲಿಸಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ 1970ರ ದಶಕದಲ್ಲೇ ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಆದರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಈ ಕೆಲಸದಲ್ಲೇ ಉಳಿದಿದ್ದ ಭಂಗಿ ಸಮುದಾಯದ ಕುಟುಂಬದವರು ಮೈಮೇಲೆ ಮಲ ಸುರಿದುಕೊಂಡು ಪುರಸಭೆಯ ಎದುರು ಪ್ರತಿಭಟಿಸಬೇಕಾಯಿತು. 2013ರ ಕೇಂದ್ರ ಕಾಯ್ದೆಯಂತೆ ಸುರಕ್ಷತೆಯಿಲ್ಲದೆ ಮನುಷ್ಯರನ್ನು ಶೌಚಗುಂಡಿಗೋ ಒಳಚರಂಡಿಗೋ ಇಳಿಸುವುದು ಅಪರಾಧ. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಇಳಿಸಿದ ಮನೆಯವರೂ ಆರೋಪಿಗಳಾಗುತ್ತಾರೆ, ಗುತ್ತಿಗೆದಾರ ಮಾತ್ರವಲ್ಲ. ಒಳಚರಂಡಿಯ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹತ್ತು ಲಕ್ಷದಿಂದ ಮೂವತ್ತು ಲಕ್ಷ ರೂಪಾಯಿಗೆ ಏರಿಸಿತು. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲ ಕೆಲವು ಉಸಿರಿನಲ್ಲೇ ಪ್ರಜ್ಞೆ ತಪ್ಪಿಸುತ್ತದೆ. ಒಳಗೆ ಬಿದ್ದವರನ್ನು ಎತ್ತಲು ಇಳಿದ ಎರಡನೆಯವರು, ಮೂರನೆಯವರು ಸಾಯುವುದು ಇದರಿಂದಲೇ.

ಗುಂಡಿಯ ಹೂಳನ್ನು ಹೀರುವ ಪುರಸಭೆಯ ಸಕ್ಕಿಂಗ್ ಯಂತ್ರಕ್ಕೆ ಕಚೇರಿಯಲ್ಲಿ ಶುಲ್ಕ ಕಟ್ಟಿ ರಸೀದಿ ಪಡೆಯಿರಿ. ಖಾಸಗಿ ಗಾಡಿ ಕರೆಸಿದರೆ ಅದು ಎಲ್ಲಿ ಸುರಿಯುತ್ತದೆ ಎಂದು ಕೇಳಿ. ದೇವನಹಳ್ಳಿಯಲ್ಲಿ 2015ರಲ್ಲೇ ಶೌಚಗುಂಡಿಯ ಹೂಳನ್ನು ಸಂಸ್ಕರಿಸುವ ಘಟಕ ಶುರುವಾಯಿತು. ನಿಮ್ಮ ಊರಿನ ಗಾಡಿ ಇನ್ನೂ ರಾತ್ರಿ ಹೊತ್ತು ಕೆರೆ ಅಂಗಳಕ್ಕೆ ಹೋಗುತ್ತಿದ್ದರೆ ಅದರ ನೋಂದಣಿ ಸಂಖ್ಯೆಯ ಸಮೇತ ದೂರು ಕೊಡಿ.

ಐದನೆಯ ಹೆಜ್ಜೆ: ಅರ್ಜಿ

ಒಂದು ಅರ್ಜಿಗೆ ಒಂದೇ ವಿಷಯ. ಕಸ, ಬೀದಿದೀಪ, ನಾಯಿ, ರಸ್ತೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಅದು ಮೂರು ಶಾಖೆಗಳ ನಡುವೆ ಅಲೆದಾಡುತ್ತದೆ. ಮಾದರಿ ಹೀಗಿರಲಿ:

‘ವಿಷಯ: ವಾರ್ಡ್ ಸಂಖ್ಯೆ 11, ಹಳೇ ಸಂತೆಪೇಟೆ 2ನೇ ಅಡ್ಡರಸ್ತೆಯ ಚರಂಡಿ ಹೂಳು ತೆಗೆಸುವ ಬಗ್ಗೆ.

ಮಾನ್ಯರೇ, ಮೇಲ್ಕಂಡ ರಸ್ತೆಯಲ್ಲಿ ಹಿಟ್ಟಿನ ಗಿರಣಿಯಿಂದ ಅಂಗನವಾಡಿಯವರೆಗೆ ಸುಮಾರು 60 ಮೀಟರ್ ಚರಂಡಿ ಹೂಳು ತುಂಬಿ ನೀರು ನಿಂತಿದೆ. ಅಂಗನವಾಡಿ ಎದುರಿನ ವಿದ್ಯುತ್ ಕಂಬದ ಬಳಿ ಕುಡಿಯುವ ನೀರಿನ ಪೈಪು ಈ ನೀರಿನಲ್ಲಿ ಮುಳುಗಿದೆ. ಜೂನ್ 3, 7 ಮತ್ತು 10ರ ಬೆಳಗಿನ ಫೋಟೊಗಳನ್ನು ಲಗತ್ತಿಸಿದೆ. ಹೂಳು ತೆಗೆಸಿ ಅದೇ ದಿನ ಸಾಗಿಸುವಂತೆಯೂ, ಕೊನೆಯ ಮನೆಯ ನಲ್ಲಿ ನೀರಿನ ಕ್ಲೋರಿನ್ ಪರೀಕ್ಷೆ ಮಾಡಿಸುವಂತೆಯೂ ಕೋರುತ್ತೇವೆ. ಸ್ಥಳ ಪರಿಶೀಲನೆಯ ದಿನ ತಿಳಿಸಿದರೆ ನಾವು ಹಾಜರಿರುತ್ತೇವೆ. ಕೈಗೊಂಡ ಕ್ರಮದ ಬಗ್ಗೆ ಹಿಂಬರಹ ನೀಡಲು ವಿನಂತಿ.’

ಹಿಂಬರಹ ಎಂದರೆ ಕಚೇರಿ ಕೊಡುವ ಲಿಖಿತ ಉತ್ತರ. ವಿದ್ಯುತ್ ಕಂಬದ ಮೇಲೆ ಸಂಖ್ಯೆ ಇದ್ದರೆ ಅದನ್ನೂ ಬರೆಯಿರಿ, ಅದಕ್ಕಿಂತ ಖಚಿತ ಗುರುತು ಬೀದಿಯಲ್ಲಿ ಸಿಗುವುದು ಕಷ್ಟ. ಫೋಟೊ ತೆಗೆಯಲು ದಿನಾಂಕ ಮತ್ತು ಸ್ಥಳ ಮೂಡುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಬಳಸಿ, ಪುರಸಭೆಯವರೂ ಕೆಲಸದ ಸಾಕ್ಷ್ಯಕ್ಕೆ ಅದನ್ನೇ ಬಳಸುತ್ತಾರೆ. ಐದಾರು ಮನೆಯವರ ಸಹಿ ಇರಲಿ, ಐವತ್ತು ಬೇಕಿಲ್ಲ. ಎರಡು ಪ್ರತಿ ಮಾಡಿ, ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದರ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ನೋಡುತ್ತೇವೆ’ ಎಂದರೆ ನಗುತ್ತಲೇ ನಿಂತಿರಿ. ಪೌರಾಡಳಿತ ಇಲಾಖೆಯ ‘ಜನಹಿತ’ ಆ್ಯಪ್‌ನಲ್ಲೂ ದಾಖಲಿಸಬಹುದು, ಸಣ್ಣ ಕೆಲಸಗಳಿಗೆ ಅದೇ ಸಾಕಾಗುತ್ತದೆ.

ಆರನೆಯ ಹೆಜ್ಜೆ: ಬೆನ್ನುಹತ್ತುವುದು

ಕೆಲಸ ಆದರೆ ಅದೇ ಕೋನದಿಂದ ಇನ್ನೊಂದು ಫೋಟೊ ತೆಗೆದು ನಿರೀಕ್ಷಕರಿಗೆ ಕಳಿಸಿ, ಧನ್ಯವಾದ ಹೇಳಿ. ಬೈಗುಳ ಕೇಳಿಯೇ ಅಭ್ಯಾಸವಾದ ಹುದ್ದೆ ಅದು. ಮುಂದಿನ ಸಲ ನಿಮ್ಮ ಕರೆ ಬಂದಾಗ ಫೋನ್ ಎತ್ತುತ್ತಾರೆ.

ಕೆಲಸ ಆಗದೆಯೇ ‘ಕ್ರಮ ಕೈಗೊಳ್ಳಲಾಗಿದೆ’ ಎಂಬ ಹಿಂಬರಹ ಬಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದ ಮಿತಿ. ‘ಯಾಕೆ ಮಾಡಲಿಲ್ಲ’ ಎಂದು ಕೇಳಬೇಡಿ, ಕಾರಣ ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ಇಂಥ ಸ್ವೀಕೃತಿ ಸಂಖ್ಯೆಯ ಅರ್ಜಿಯ ಮೇಲಿನ ಸ್ಥಳ ಪರಿಶೀಲನಾ ವರದಿ, ಕೊಟ್ಟ ನೋಟಿಸುಗಳು, ಆ ದಿನಗಳ ಹಾಜರಿ ಪುಟ ಇವುಗಳ ದೃಢೀಕೃತ ನಕಲು ಕೇಳಿ. ಎಷ್ಟೋ ಸಲ ನಕಲು ಬರುವ ಮೊದಲೇ ಚರಂಡಿ ತಂಡ ಬರುತ್ತದೆ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಜೊತೆಗೆ 1902ಕ್ಕೆ ಕರೆ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸಬಹುದು. ಜಿಲ್ಲಾ ಮಟ್ಟದಲ್ಲಿ ಪುರಸಭೆಗಳ ಮೇಲುಸ್ತುವಾರಿ ಇರುವುದು ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದಲ್ಲಿ, ಅಲ್ಲಿನ ಯೋಜನಾ ನಿರ್ದೇಶಕರಿಗೆ ಹಳೆಯ ಅರ್ಜಿಯ ಮೊಹರು ಬಿದ್ದ ಪ್ರತಿ ಲಗತ್ತಿಸಿ ಬರೆಯಿರಿ.

ಅರ್ಜಿಗೆ ಕಾಯಬಾರದ ಸಂದರ್ಭ

ಒಂದೇ ಬೀದಿಯಲ್ಲಿ ಒಂದೆರಡು ದಿನದೊಳಗೆ ಮೂರು ನಾಲ್ಕು ಮನೆಗಳಲ್ಲಿ ವಾಂತಿಭೇದಿ ಕಾಣಿಸಿದರೆ ಮೇಲಿನ ಕ್ರಮವನ್ನೆಲ್ಲ ಪಕ್ಕಕ್ಕಿಡಿ. ಆಶಾ ಕಾರ್ಯಕರ್ತೆಗೂ ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಗೂ ಫೋನ್ ಮಾಡಿ, 104 ಆರೋಗ್ಯ ಸಹಾಯವಾಣಿಗೂ ತಿಳಿಸಿ. ಕಣ್ಣು ಗುಳಿಬಿದ್ದವರನ್ನು, ಮೂತ್ರ ನಿಂತವರನ್ನು 108ರಲ್ಲಿ ಆಸ್ಪತ್ರೆಗೆ ಕಳಿಸಿ. ಉಳಿದವರಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಪೊಟ್ಟಣದಂತೆ ಓಆರ್‌ಎಸ್ ಕಲಸಿ ಕುಡಿಸುತ್ತಿರಿ. ನೀರು ಬಿಡುವ ವಾಲ್ವ್‌ಮನ್‌ಗೆ ಹೇಳಿ ಆ ಲೈನನ್ನು ಕೂಡಲೇ ಬಂದ್ ಮಾಡಿಸಿ, ಟ್ಯಾಂಕರ್ ನೀರು ಕೇಳಿ. ಮನೆಯಲ್ಲಿ ಹಿಡಿದಿಟ್ಟ ಹಿಂದಿನ ದಿನದ ನೀರನ್ನು ಯಾರೂ ಕುಡಿಯದಿರಲಿ. ಆದರೆ ಅದನ್ನು ಪೂರ್ತಿ ಚೆಲ್ಲಿಬಿಡಬೇಡಿ: ಆರೋಗ್ಯ ಸಿಬ್ಬಂದಿ ಬಂದಾಗ ಮಾದರಿ ತೆಗೆಯಲು ಒಂದು ಬಿಂದಿಗೆ ಹಾಗೆಯೇ ಮುಚ್ಚಿಡಿ, ಯಾವ ದಿನ ಎಷ್ಟು ಹೊತ್ತಿಗೆ ಹಿಡಿದದ್ದು ಎಂದು ಚೀಟಿ ಬರೆದು ಅಂಟಿಸಿ.